ವಿಳಾಸ: ಫೈಕಸ್, ಹಳ್ಳದ ಪಕ್ಕ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ದಿನ ಸುಶೀಲಮ್ಮನವರಿಗೆ ನಾನು ಅತ್ತಿ ಮರ ಎಂದು ಹೇಳಿದೆನೋ ಬಸರಿ ಮರ ಎಂದು ಹೇಳಿದೆನೋ ನನಗೆ ಖಚಿತವಿಲ್ಲ. ಬೆಳಿಗ್ಗೆ ಎದ್ದಾಗ ಬಸರಿ ಎಂದೇ ಹೇಳಿದ್ದೆ ಅನ್ನಿಸುತ್ತದೆ. ಊಟವಾಗುವ ಹೊತ್ತಿಗೆ ಅತ್ತಿ ಎಂದಿರಬಹುದು ಅನ್ನಿಸತೊಡಗುತ್ತದೆ. ಸಂಜೆಯಾದರೆ, ಎರಡನ್ನೂ ಹೇಳದೆ ‘ಆ ಮರ’ ಎಂದು ಕೈ ಬೀಸಿಬಿಟ್ಟಿದ್ದೆನೇನೋ ಎಂಬ ಮೂರನೆಯ ಅನುಮಾನ ಬಂದು ಮೊದಲಿನ ಎರಡರ ಪಕ್ಕದಲ್ಲಿ ಕುಳಿತುಕೊಳ್ಳುತ್ತದೆ. ಒಮ್ಮೆ ಈ ಸಂಕಟವನ್ನು ಹೆಂಡತಿಯ ಮುಂದೆ ತೋಡಿಕೊಂಡೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತದೆ, “ಅದಿರ್ಲಿ, ನಿನ್ನೆ ರಾತ್ರಿ ಸಾರಿಗೆ ಏನು ಹಾಕಿದ್ದೆ ಹೇಳಿ ನೋಡೋಣ” ಎಂದಳು. ನಾನು ಬಹಳ ಯೋಚಿಸಿ ಹುರುಳಿಕಾಯಿ ಎಂದೆ. “ನಿನ್ನೆ ಸಾರೇ ಮಾಡಿರ್ಲಿಲ್ಲ. ಮಜ್ಜಿಗೆ ಹುಳಿ” ಎಂದಳು. ನಿನ್ನೆಯ ಊಟ ಗೊತ್ತಿಲ್ಲದವನು ಅಷ್ಟು ಹಿಂದೆ ಆಡಿದ ಒಂದು ಮಾತನ್ನು ಹುಡುಕಿಕೊಂಡು ಹೊರಟಿದ್ದೇನೆ. ನೀವು ನನ್ನನ್ನು ಎಷ್ಟು ನಂಬಬೇಕು ಎನ್ನುವುದನ್ನು ಇಲ್ಲಿಯೇ ತೀರ್ಮಾನಿಸಿಕೊಂಡು ಮುಂದೆ ಓದುವುದು ಒಳ್ಳೆಯದು.

ಎರಡು ಮರಗಳ ನಡುವೆ ಅಂಥಾದ್ದೇನು ವ್ಯತ್ಯಾಸ ಎಂದು ನೀವು ಕೇಳಬಹುದು. ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು, ವ್ಯತ್ಯಾಸವನ್ನು ಒಂದು ಗಂಟೆ ವಿವರಿಸಬಲ್ಲೆ. ಆದರೆ ಸಸ್ಯಶಾಸ್ತ್ರ ಓದಿದವನಿಗೆ ನಮ್ಮಲ್ಲಿ ಸಸ್ಯಗಳ ನಡುವೆ ಕೆಲಸ ಸಿಕ್ಕುವುದಿಲ್ಲ. ನನಗೆ ಸಿಕ್ಕಿದ್ದು ಸಕಲೇಶಪುರದ ಕಡೆಯ ಒಂದು ಕುಷ್ಠರೋಗ ನಿಯಂತ್ರಣ ಘಟಕದಲ್ಲಿ. ‘ಘಟಕ’ ಎಂಬ ಗಂಭೀರ ಹೆಸರು ಕೇಳಿ ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬೇಡಿ. ಹೇಮಾವತಿಯ ದಂಡೆಗೆ ಬೆನ್ನು ಹಾಕಿದ ಒಂದು ಬಾಡಿಗೆ ಮನೆ, ಎರಡು ಕೋಣೆ, ಎಂಜಿನ್ ಇಲ್ಲದ ಒಂದು ಜೀಪು, ಒಂದು ಸೂಕ್ಷ್ಮದರ್ಶಕ, ಮತ್ತು ನಮ್ಮ ಮೇಲ್ವಿಚಾರಕರಾದ ನಂಜೇಗೌಡರು. ಗೌಡರು ನಿವೃತ್ತಿಗೆ ಹತ್ತಿರವಾಗಿದ್ದರು. ಯಾವ ಕಾಗದ ಬಂದರೂ ಓದದೆ ಸಹಿ ಹಾಕಿ, ಆಮೇಲೆ ಓದಿ ನಿಟ್ಟುಸಿರು ಬಿಡುವುದು ಅವರ ಪದ್ಧತಿ. “ಮೊದ್ಲೇ ಓದಿದ್ರೆ ಸಹಿ ಹಾಕಕ್ಕೆ ಮನ್ಸು ಬರಲ್ಲ ಕಣಯ್ಯಾ” ಎನ್ನುತ್ತಿದ್ದರು.

ನನ್ನ ಕೆಲಸ ಎಸ್ಟೇಟುಗಳನ್ನು ಸುತ್ತುವುದು, ಕೂಲಿಯವರ ಸಾಲುಮನೆಗಳ ಲೈನುಗಳಲ್ಲಿ ಮೈಮೇಲಿನ ಮಚ್ಚೆ ಹುಡುಕುವುದು, ಕಾಯಿಲೆ ಸಿಕ್ಕವರಿಗೆ ತಿಂಗಳಿಗೊಂದು ಪ್ಯಾಕೆಟ್ ಮಾತ್ರೆ ಮುಟ್ಟಿಸುವುದು. ತಿಂಗಳ ಮೊದಲ ಗುಳಿಗೆಗಳನ್ನು ನನ್ನ ಎದುರಿಗೇ ನುಂಗಬೇಕು, ಉಳಿದವನ್ನು ಮನೆಗೆ ಒಯ್ಯಬಹುದು. ಹನ್ನೆರಡು ಪ್ಯಾಕೆಟ್ ಮುಗಿದರೆ ಕಾಯಿಲೆ ಹೋಯಿತು. ಇಷ್ಟು ಸರಳವಾದ ಕಾಯಿಲೆ ಲೋಕದಲ್ಲಿ ಇನ್ನೊಂದಿಲ್ಲ ಎಂದು ನಾನು ಗೋಡೆಗಳ ಮೇಲೆ ಬರೆಸುತ್ತಿದ್ದೆ. ಆದರೆ ಆ ಗೋಡೆಯನ್ನು ಓದಿದವರು ಯಾರೂ ನನ್ನನ್ನು ತಮ್ಮ ಮನೆಬಾಗಿಲಿಗೆ ಬರಗೊಡುತ್ತಿರಲಿಲ್ಲ. ನನ್ನ ಸೈಕಲ್ಲು ಒಂದು ಮನೆಯ ಮುಂದೆ ಎರಡು ಸಲ ನಿಂತರೆ ಸಾಕು, ಮೂರನೆಯ ದಿನ ಆ ಮನೆಯವರಿಗೆ ಯಾರೂ ಎಲೆ ಅಡಿಕೆ ಕೊಡುತ್ತಿರಲಿಲ್ಲ. ಹಾಗಾಗಿ ನಾವೊಂದು ಪದ್ಧತಿ ಮಾಡಿಕೊಂಡೆವು. ಪ್ರತಿ ರೋಗಿಗೂ ಒಂದೊಂದು ಮರ. ತಿಂಗಳಲ್ಲಿ ಇಂಥ ದಿನ ಇಂಥ ಹೊತ್ತಿಗೆ ತೋಟದೊಳಗೆ ಇಂಥ ಮರದ ಬುಡಕ್ಕೆ ಅವರು ಬರುವುದು, ನಾನೂ ಬರುವುದು. ರಿಜಿಸ್ಟರಿನ ವಿಳಾಸದ ಅಂಕಣದಲ್ಲಿ ಮನೆಯ ಬದಲು ಮರವನ್ನು ಬರೆಯುವುದು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳಿಗೆ ಇನ್ನೊಬ್ಬರ ರಿಜಿಸ್ಟರಿನೊಳಗೆ ಕತ್ತು ಚಾಚುವ ಅಭ್ಯಾಸ. ಅವರಿಗೆ ತಿಳಿಯಬಾರದೆಂದು ನಾನು ಮರದ ಹೆಸರುಗಳನ್ನು ಲ್ಯಾಟಿನ್ನಿನಲ್ಲಿ ಬರೆಯತೊಡಗಿದೆ. ನಿಜ ಹೇಳಬೇಕೆಂದರೆ, ಗುಟ್ಟು ಕಾಪಾಡುವುದು ಅರ್ಧ ಕಾರಣ; ಎರಡು ವರ್ಷ ಕಷ್ಟಪಟ್ಟು ಬಾಯಿಪಾಠ ಮಾಡಿದ್ದಕ್ಕೆ ಕೊನೆಗೂ ಒಂದು ಉಪಯೋಗ ಸಿಕ್ಕಿತೆಂಬುದು ಇನ್ನರ್ಧ. ಹಲಸು ಆರ್ಟೋಕಾರ್ಪಸ್ ಆಯಿತು. ಸಿಲ್ವರ್ ಮರ ಗ್ರೆವಿಲಿಯಾ ರೊಬಸ್ಟಾ ಆಯಿತು. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಕನ್ನಡಕ ಸರಿಮಾಡಿಕೊಂಡು, “ಈ ಗ್ರೆವಿಲಿಯಾ ರೊಬಸ್ಟಾ ಅನ್ನೋ ಹೆಂಗಸು ಮೂರು ಎಸ್ಟೇಟಲ್ಲಿ ವಾಸವಾಗಿದಾರಲ್ರೀ, ಇದು ಹೇಗೆ?” ಎಂದು ಕೇಳಿದರು. ನಂಜೇಗೌಡರು ತಡಮಾಡದೆ, “ಕೂಲಿ ಜನ ಅಲ್ವಾ ಸಾರ್, ಒಂದು ಕಡೆ ನಿಲ್ಲಲ್ಲ” ಎಂದರು. ಅಧಿಕಾರಿ ಸಮಾಧಾನದಿಂದ ಟಿಕ್ ಹಾಕಿದರು.

ಈಗ ಪುಟ್ಟಮ್ಮನ ವಿಷಯ. ನಿಜವಾದ ಹೆಸರು ಅದಲ್ಲ. ಹಾನುಬಾಳಿನ ಆಚೆಗಿದ್ದ ಒಂದು ಎಸ್ಟೇಟಿನ ಬಂಗಲೆಯಲ್ಲಿ ಆಕೆ ಅಡಿಗೆಯವಳು. ವರ್ಷಕ್ಕೊಮ್ಮೆ ಆ ಎಸ್ಟೇಟಿನ ಲೈನಿನವರನ್ನೆಲ್ಲ ಪರೀಕ್ಷೆ ಮಾಡಲು ಹೋದಾಗ ಸಾಹುಕಾರರು ನನ್ನನ್ನು ತಿಂಡಿಗೆ ಕೂರಿಸುತ್ತಿದ್ದರು. ಕೆಂಡದಂಥ ಕಾವಲಿಯ ಮೇಲಿನ ಅಕ್ಕಿರೊಟ್ಟಿಯನ್ನು ಪುಟ್ಟಮ್ಮ ಬರಿಗೈಯಲ್ಲಿ ಮಗುಚುತ್ತಿದ್ದಳು. ಸಟ್ಟುಗವಿಲ್ಲ, ಬಟ್ಟೆಯಿಲ್ಲ. ಅದು ಆ ಬಂಗಲೆಯ ಹೆಮ್ಮೆ. ಬಂದ ನೆಂಟರನ್ನೆಲ್ಲ ಅಡಿಗೆಮನೆಯ ಬಾಗಿಲಿಗೆ ಕರೆದೊಯ್ದು ತೋರಿಸುತ್ತಿದ್ದರು. “ನೋಡ್ರೀ, ಬೆಂಕಿನೇ ಹೆದರ್ಕತದೆ ನಮ್ ಪುಟ್ಟಿಗೆ” ಎಂದು ಸಾಹುಕಾರರ ಹೆಂಡತಿ ನನಗೂ ತೋರಿಸಿದರು. ನಾನೂ ಆಹಾ ಎಂದೆ. ಎರಡು ರೊಟ್ಟಿ ತಿಂದೆ. ಮೂರನೆಯದನ್ನು ಬೆಣ್ಣೆಯ ಜೊತೆ ಬಾಯಿಗಿಡುವಾಗ ನನ್ನ ಕೈ ನಿಂತಿತು. ಬೆಂಕಿ ಯಾರಿಗೂ ಹೆದರುವುದಿಲ್ಲ. ಬಿಸಿ ಗೊತ್ತಾಗದವರು ಮಾತ್ರ ಹಾಗೆ ಮಗುಚಬಲ್ಲರು. ಅದನ್ನು ಕಂಡುಹಿಡಿಯಲೆಂದೇ ಸಂಬಳ ತೆಗೆದುಕೊಳ್ಳುವವನು ನಾನು, ಎರಡು ರೊಟ್ಟಿಯವರೆಗೆ ಚಪ್ಪಾಳೆ ತಟ್ಟುತ್ತಾ ಕುಳಿತಿದ್ದೆ. ಅದಕ್ಕೂ ಹಿಂದಿನ ವರ್ಷ ಹೋಗಿದ್ದಾಗಲೂ ತಟ್ಟಿದ್ದೆನೇ? ಇರಬಹುದು. ಆ ಲೆಕ್ಕಕ್ಕೆ ಕೈ ಹಾಕುವ ಧೈರ್ಯ ನನಗಿಲ್ಲ.

ಹಿತ್ತಲಿನಲ್ಲಿ ಪರೀಕ್ಷೆ ಮಾಡಿದಾಗ ಕಾಯಿಲೆ ಖಚಿತವಾಯಿತು. ಪುಟ್ಟಮ್ಮ ಅಳಲಿಲ್ಲ. “ಬಂಗ್ಲೆಗೆ ಗೊತ್ತಾದ್ರೆ ನನ್ ಕೈ ರೊಟ್ಟಿ ಯಾರು ತಿಂದಾರು ಸಾ? ಈ ಕೈನಾಗೇ ನನ್ ಬದ್ಕು ಇರಾದು” ಎಂದಳಷ್ಟೆ. ಗಂಡನಿಲ್ಲದವಳು; ಬಂಗಲೆಯ ಹಿಂದಿನ ಒಂದು ಕೋಣೆ, ಎರಡು ಹೊತ್ತಿನ ಊಟ, ಮತ್ತು ಆ ಹೆಮ್ಮೆ, ಇಷ್ಟೇ ಅವಳ ಆಸ್ತಿ. ತಿಂಗಳ ಮೊದಲ ಮಂಗಳವಾರ, ಹನ್ನೊಂದು ಗಂಟೆಗೆ, ಬಾಳೆಲೆ ಕೊಯ್ಯುವ ನೆಪದಲ್ಲಿ ಅವಳು ಹಳ್ಳದ ಕಡೆಗೆ ಬರುವುದು ಎಂದಾಯಿತು. ಅಲ್ಲಿ ಒಂದು ಬಸರಿ ಮರವಿತ್ತು. ರಿಜಿಸ್ಟರಿನಲ್ಲಿ ‘ಫೈಕಸ್, ಹಳ್ಳದ ಪಕ್ಕ’ ಎಂದು ಬರೆದೆ. ಫೈಕಸ್ ಎನ್ನುವುದು ಕುಲದ ಹೆಸರು. ಆಲ, ಅರಳಿ, ಅತ್ತಿ, ಬಸರಿ, ಗೋಣಿ ಎಲ್ಲಕ್ಕೂ ಅದೇ. ಅದರ ಮುಂದೆ ಜಾತಿಯ ಹೆಸರನ್ನೂ ಬರೆಯಬೇಕು, ಬರೆಯದವನಿಗೆ ನಮ್ಮ ಪ್ರಾಧ್ಯಾಪಕರು ಸೊನ್ನೆ ಹಾಕುತ್ತಿದ್ದರು. ಅಂಕಣದಲ್ಲಿ ಜಾಗ ಸಾಲಲಿಲ್ಲ. ಅಥವಾ ನನಗೆ ಬೇಸರವಾಗಿತ್ತು.

ಎಂಟು ತಿಂಗಳು ಸರಿಯಾಗಿ ನಡೆಯಿತು. ಮೊದಲ ತಿಂಗಳು ಮಾತ್ರೆಯಿಂದ ಮೂತ್ರ ಕೆಂಪಾಗುತ್ತದೆಂದು ಹೇಳಲು ನಾನು ಮರೆತಿದ್ದೆ. ಎರಡನೆಯ ತಿಂಗಳು ಬಂದವಳು “ನನ್ನ ಸಾಯ್ಸಕ್ಕೇ ಬಂದಿದೀರೇನೋ ಅಂದ್ಕಂಡೆ ಮಾರಾಯ್ರೇ, ಎಲ್ಡು ದಿನ ದೇವ್ರ ಮುಂದೆ ಕುಂತಿದ್ದೆ” ಎಂದು ಬೈದಳು. ಬೈದರೂ ಮಾತ್ರೆ ನುಂಗಿದಳು. ಸಟ್ಟುಗ ಉಪಯೋಗಿಸಲೇಬೇಕು ಎಂದು ನಾನು ಹಟ ಹಿಡಿದೆ. ಬಂಗಲೆಯವರಿಗೆ ಬೇಸರವಾಯಿತಂತೆ, ಸಟ್ಟುಗ ತಾಗಿದ ರೊಟ್ಟಿಗೆ ಮೊದಲಿನ ರುಚಿಯಿಲ್ಲ ಎಂದರಂತೆ. ಪ್ರತಿ ತಿಂಗಳೂ ನಾನು ಅವಳ ಮೊಣಕೈಯ ಒಳಬದಿಯನ್ನು ಒತ್ತಿ ನೋಡುತ್ತಿದ್ದೆ. ಅಲ್ಲೊಂದು ನರ ಇದೆ. ಅದು ಬಾತರೆ ಬೆರಳಿಗೆ ಅಪಾಯ. ಕೂಡಲೇ ಬೇರೆ ಔಷಧಿ ಕೊಡಿಸಬೇಕು. “ನೋವೈತಾ?” “ಇಲ್ಲ ಸಾ.” ಎಂಟು ಸಲ ಕೇಳಿದ್ದೆ, ಎಂಟು ಸಲವೂ ಇಲ್ಲ ಎಂದಿದ್ದಳು.

ಆಗ ಬಂತು ಆದೇಶ. ಕುಷ್ಠರೋಗದ ಪ್ರತ್ಯೇಕ ಘಟಕವನ್ನು ರದ್ದುಪಡಿಸಿ, ಅದರ ಕಾರ್ಯಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ವರ್ಗಾಯಿಸಲಾಗಿದೆ. ಗೌಡರು ಸಹಿ ಹಾಕಿ, ಆಮೇಲೆ ಓದಿ, ಆ ದಿನ ನಿಟ್ಟುಸಿರು ಕೂಡ ಬಿಡಲಿಲ್ಲ. “ಮುಚ್ಬುಟ್ರು ಕಣಯ್ಯಾ” ಎಂದು ನನ್ನ ಕಡೆ ನೋಡಿದರು. ಆ ನೋಟದ ಅರ್ಥ ನನಗೆ ಗೊತ್ತಿತ್ತು. ಕೆಲವು ತಿಂಗಳ ಹಿಂದೆ ಮೇಲಿನಿಂದ ಅಭಿಪ್ರಾಯ ಕೇಳಿ ಕಾಗದ ಬಂದಿತ್ತು. ಎಲ್ಲ ಘಟಕದವರೂ ‘ಮುಂದುವರಿಸುವುದು ಸೂಕ್ತ’ ಎಂದು ಒಂದು ಸಾಲು ಬರೆದು ಕಳಿಸಿದಾಗ ನಾನು ಮೂರು ಪುಟ ಬರೆದಿದ್ದೆ. ಈ ಕಾಯಿಲೆಗೆ ಪ್ರತ್ಯೇಕ ಕಚೇರಿ, ಪ್ರತ್ಯೇಕ ಜೀಪು, ಪ್ರತ್ಯೇಕ ಮನುಷ್ಯ ಇರುವುದರಿಂದಲೇ ಜನ ಇದನ್ನು ಪ್ರತ್ಯೇಕವಾಗಿ ನೋಡುತ್ತಾರೆ. ಜ್ವರ ಕೆಮ್ಮಿನ ಸಾಲಿನಲ್ಲೇ ಇದಕ್ಕೂ ಮಾತ್ರೆ ಸಿಕ್ಕಬೇಕು. ಆದ್ದರಿಂದ ನಮ್ಮನ್ನು ಮುಚ್ಚುವುದೇ ಸರಿ. ವಾದದಲ್ಲಿ ತಪ್ಪಿರಲಿಲ್ಲ. ಈಗಲೂ ಇಲ್ಲ. ವಿಶ್ವವಿದ್ಯಾಲಯದಲ್ಲಿ ಓದಿದವನ ದುರದೃಷ್ಟವೆಂದರೆ ಇದೇ: ತಾನು ಕುಳಿತ ಕುರ್ಚಿಯನ್ನು ಏಕೆ ತೆಗೆಯಬೇಕು ಎನ್ನುವುದಕ್ಕೆ ಅವನು ಕುರ್ಚಿಯಲ್ಲಿ ಕುಳಿತೇ ಕಾರಣ ಕೊಡುತ್ತಾನೆ. ನನ್ನ ಮೂರು ಪುಟ ಓದಿ ಸರ್ಕಾರ ಮುಚ್ಚಿತು ಎಂಬ ಭ್ರಮೆ ನನಗಿಲ್ಲ. ಅದನ್ನು ಯಾರಾದರೂ ಓದಿದ್ದರು ಎನ್ನುವುದಕ್ಕೇ ಪುರಾವೆಯಿಲ್ಲ. ಆದರೆ ಗೌಡರು ಮಾತ್ರ ಕೊನೆಯ ದಿನದವರೆಗೂ, ಯಾರು ಬಂದು ಯಾಕೆ ಮುಚ್ಚಿದರು ಎಂದು ಕೇಳಿದರೂ, ಪೆನ್ನಿನ ತುದಿಯಿಂದ ನನ್ನನ್ನು ತೋರಿಸುತ್ತಿದ್ದರು.

ಕಾರ್ಯಗಳನ್ನು ವರ್ಗಾಯಿಸುವುದು ಎಂದರೆ ಏನೆಂದು ನಾನು ಕಣ್ಣಾರೆ ಕಂಡೆ. ನಮ್ಮ ಪಾಲಿಗೆ ಬಂದದ್ದು ಬೆಟ್ಟದ ಕಡೆಯ ಒಂದು ಆರೋಗ್ಯ ಕೇಂದ್ರ. ಯಾವುದೆಂದು ಹೇಳುವುದಿಲ್ಲ, ಅಲ್ಲಿಯವರ ತಪ್ಪು ಏನೂ ಇಲ್ಲ. ಗೌಡರು ಪಟ್ಟಿ ಓದುತ್ತಾ ಹೋದರು, ಅಲ್ಲಿನ ವೈದ್ಯರು ಹೂಂ ಎನ್ನುತ್ತಾ ಹೋದರು. ಮರದ ಕುರ್ಚಿ ನಾಲ್ಕು. ಮೇಜು ಎರಡು. ಗೋಡೆ ಗಡಿಯಾರ ಒಂದು, ನಿಂತಿರುವುದು. ರೋಗಿಗಳ ಕಾರ್ಡು ಒಂದು ಗಂಟು. ಪ್ಲಾಸ್ಟಿಕ್ ಬಕೆಟ್ಟು ಒಂದು. ಕಾರ್ಯಗಳು, ಎಲ್ಲ. ವೈದ್ಯರು ಅಲ್ಲಿ ಸ್ವಲ್ಪ ತಡೆದು, “ಬಕೆಟ್ ಎಲ್ಲಿ?” ಎಂದು ಕೇಳಿದರು. ಬಕೆಟ್ಟು ಸಿಗಲಿಲ್ಲ. ಅದರ ಬಗ್ಗೆ ಒಂದು ಪ್ರತ್ಯೇಕ ಟಿಪ್ಪಣಿ ಬರೆಯಬೇಕಾಯಿತು. ಕಾರ್ಯಗಳ ಬಗ್ಗೆ ಯಾರೂ ಕೇಳಲಿಲ್ಲ.

ಕೇಳಿದವರು ಒಬ್ಬರೇ, ಸಿಸ್ಟರ್ ಸುಶೀಲಮ್ಮ. ಬಾಣಂತಿಯರು, ಮಕ್ಕಳ ಚುಚ್ಚುಮದ್ದು, ಕಬ್ಬಿಣಾಂಶದ ಮಾತ್ರೆ ಎಂದು ಊರೂರು ಸುತ್ತುವ ದಾದಿ. ಇನ್ನು ಮುಂದೆ ಪುಟ್ಟಮ್ಮನೂ ಅವರ ಪಾಲಿಗೆ. ಅರಸೀಕೆರೆ ಕಡೆಯವರು. ನನ್ನ ರಿಜಿಸ್ಟರನ್ನು ಬಿಡಿಸಿ ನೋಡಿ, “ಇದೇನ್ರೀ ಇದು, ಜನಗಳ ಹೆಸ್ರಾ, ಗುಳಿಗೆಗಳ ಹೆಸ್ರಾ?” ಎಂದರು. ಮರಗಳು ಎಂದೆ. ಅವರು ನನ್ನನ್ನು ಒಂದು ಸಲ, ರಿಜಿಸ್ಟರನ್ನು ಒಂದು ಸಲ ನೋಡಿದರು. “ಎಂ.ಎಸ್ಸಿ. ಅಲ್ವಾ ನೀವು?”

“ಹೌದು.”

“ಅದಕ್ಕೇ ಮತ್ತೆ. ಕನ್ನಡ್ದಾಗೆ ಹೇಳಿ. ನಂಗೆ ತೆಂಗಿನ್ಮರ ಒಂದು ಬುಟ್ರೆ ಎಲ್ಲಾ ಮರಾನೂ ಮರಾನೇ. ಬರ್ಕತೀನಿ, ಹೇಳಿ.”

ಒಂಬತ್ತು ರೋಗಿಗಳು, ಒಂಬತ್ತು ಮರಗಳು. ನಾನು ಹೇಳುತ್ತಾ ಹೋದೆ, ಅವರು ಕೈಗೆ ಸಿಕ್ಕಿದ ಪೋಲಿಯೋ ಲಸಿಕೆಯ ನಮೂನೆಯೊಂದರ ಹಿಂಬದಿಯಲ್ಲಿ ಬರೆದುಕೊಳ್ಳುತ್ತಾ ಹೋದರು. ಹೊರಗೆ ಗೌಡರು ಬಕೆಟ್ಟಿಗಾಗಿ ಕೂಗಾಡುತ್ತಿದ್ದರು. ಹಾಸನದ ಬಸ್ಸಿಗೆ ಹೊತ್ತಾಗುತ್ತಿತ್ತು. ಫೈಕಸ್ ಬಂದಾಗ ನಾನು ಏನೆಂದೆ? ಇಲ್ಲಿಯೇ ನನ್ನ ನೆನಪಿನ ಹಾಳೆ ಹರಿದಿದೆ. ಅವರ ಪೆನ್ನು ನೆನಪಿದೆ, ಅದರ ಕ್ಯಾಪಿನ ಮೇಲಿದ್ದ ಹಲ್ಲಿನ ಗುರುತು ನೆನಪಿದೆ, ನನ್ನ ಬಾಯಿಂದ ಹೊರಟ ಮಾತು ಮಾತ್ರ ಇಲ್ಲ. ಅಲ್ಲಿಂದ ನನ್ನನ್ನು ಆಲೂರು ತಾಲ್ಲೂಕಿನ ಪಾಳ್ಯದ ಕಡೆಗೆ ಅಂಕಿಅಂಶ ನೋಡಿಕೊಳ್ಳಲು ಹಾಕಿದರು. ಹೋಗುವ ಮುಂಚೆ ಪುಟ್ಟಮ್ಮನಿಗೆ ಹೇಳಿದ್ದೆ: ಬರುವ ತಿಂಗಳಿಂದ ಒಬ್ಬ ಸಿಸ್ಟರ್ ಬರುತ್ತಾರೆ, ಇದೇ ಜಾಗಕ್ಕೆ, ಇದೇ ಹೊತ್ತಿಗೆ, ಹೆದರಬೇಡ.

ಪಾಳ್ಯದಲ್ಲಿ ನಾನು ಭತ್ತದ ಗದ್ದೆಗಳ ನಡುವೆ ಕುಳಿತು ಜನನ ಮರಣಗಳನ್ನು ಕೂಡುತ್ತಿದ್ದೆ. ಪುಟ್ಟಮ್ಮ ನನ್ನ ಕೆಲಸವಾಗಿರಲಿಲ್ಲ. ಆಕೆಯನ್ನು ಸಹಿ ಪಡೆದು ವರ್ಗಾಯಿಸಿಯಾಗಿತ್ತು. ನಾಲ್ಕು ತಿಂಗಳಾದ ಮೇಲೆ ಒಂದು ದಿನ, ಸಕಲೇಶಪುರದಿಂದ ಬಂದ ಬಸ್ಸಿನ ಕಂಡಕ್ಟರೊಬ್ಬ ಕಿಟಕಿಯಿಂದ ತಲೆ ಹಾಕಿ, “ಸಾರ್, ಬೆಟ್ಟದ ಸಿಸ್ಟರ್ ಹೇಳ್ಕಳ್ಸವ್ರೆ. ಮರದವ್ರು ಎಂಟು ಜನ ಸಿಕ್ಕವ್ರೆ, ಒಬ್ರು ಸಿಕ್ಕಿಲ್ವಂತೆ. ನಿಮ್ಗೆ ಗೊತ್ತಾಗತ್ತಂತೆ” ಎಂದ. ಬಸ್ಸಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಮರದ ವ್ಯಾಪಾರ ಶುರು ಮಾಡಿದ್ದಾನೆಂದು ಪಾಳ್ಯದಲ್ಲಿ ಆಮೇಲೆ ಸ್ವಲ್ಪ ದಿನ ಸುದ್ದಿಯಾಯಿತು.

ಮರುದಿನವೇ ರಜೆ ಹಾಕಿ ಹೋದೆ. ಸುಶೀಲಮ್ಮನವರು ಎಸ್ಟೇಟಿನ ಕಡೆ ಹೋಗುವ ಬಾಡಿಗೆ ಜೀಪಿನಲ್ಲಿ ನನ್ನ ಪಕ್ಕ ಕುಳಿತು ಎಲ್ಲ ಹೇಳಿದರು. ನಾಲ್ಕು ತಿಂಗಳೂ, ಮೊದಲ ಮಂಗಳವಾರ, ಹನ್ನೊಂದಕ್ಕೆ ಸರಿಯಾಗಿ ಅವರು ಹೋಗಿದ್ದರು. ದನ ಮೇಯಿಸುವವನೊಬ್ಬನನ್ನು ಕೇಳಿ ಮರ ಗುರುತು ಮಾಡಿಕೊಂಡಿದ್ದರು. “ಒಂದೊಂದ್ ದಿನ ಎಲ್ಡು ಗಂಟೆ ಕುಂತಿವ್ನಿ ಕಣ್ರೀ. ಬಿಳೀ ಸೀರೆ ಮ್ಯಾಲೆಲ್ಲ ಹಣ್ಣು ಬಿದ್ದು, ಹಣ್ಣಿನ್ ತುಂಬ ಹುಳ. ಆ ಕಾಫಿ ಹೂವಿನ ವಾಸ್ನೆಗೆ ತಲೆನೋವು ಬೇರೆ. ಮನೇಲಿ ಸೀರೆ ನೋಡಿ, ನೀನು ಔಷ್ಧಿ ಕೊಡಕ್ಕೆ ಹೋಗಿದ್ಯೋ ಮರ ಹತ್ತಕ್ಕೆ ಹೋಗಿದ್ಯೋ ಅಂದ್ರು.” ನನಗೆ ನಗು ಬಂತು. ಆಮೇಲೆ ಹಣ್ಣು ಎಂಬ ಮಾತು ಒಳಗೆ ಇಳಿಯಿತು. ಸೀರೆ ಕೆಡಿಸುವಷ್ಟು ದೊಡ್ಡ ಹಣ್ಣನ್ನು ಉದುರಿಸುವುದು ಅತ್ತಿ. ಬಸರಿಯ ಹಣ್ಣು ಬಟಾಣಿಯಷ್ಟೂ ಇರುವುದಿಲ್ಲ. “ಯಾವ ಮರದ ಕೆಳಗೆ ಕೂತಿದ್ರಿ?” ಎಂದು ಕೇಳಿದೆ. “ನೀವು ಹೇಳಿದ್ದೇ. ಅತ್ತಿ” ಎಂದರು.

ಅತ್ತಿ ಮರದಿಂದ ಬಸರಿ ಮರಕ್ಕೆ ಇನ್ನೂರು ಹೆಜ್ಜೆ. ಅಂದು ನಾನೇ ಎಣಿಸಿದೆ. ನಡುವೆ ಆಳೆತ್ತರದ ಕಾಫಿ ಗಿಡಗಳು. ಹತ್ತು ಹೆಜ್ಜೆ ಆಚೆಯ ಮನುಷ್ಯ ಕಾಣುವುದಿಲ್ಲ. ಗುಟ್ಟಿಗೆಂದೇ ನಾನು ಆರಿಸಿದ್ದ ಜಾಗ. ನಾಲ್ಕು ತಿಂಗಳು, ಒಂದೇ ದಿನ, ಒಂದೇ ಹೊತ್ತಿಗೆ, ಒಬ್ಬರು ಮಾತ್ರೆಯ ಪ್ಯಾಕೆಟ್ ಹಿಡಿದುಕೊಂಡು ಅಲ್ಲಿ ಕುಳಿತಿದ್ದರು, ಇನ್ನೊಬ್ಬರು ನೀರಿನ ಲೋಟ ಹಿಡಿದುಕೊಂಡು ಇಲ್ಲಿ ಕುಳಿತಿದ್ದರು. ಇಬ್ಬರೂ ಸದ್ದು ಮಾಡಲಿಲ್ಲ. ಸದ್ದು ಮಾಡಬಾರದೆಂದು, ಹೆಸರು ಹಿಡಿದು ಯಾರನ್ನೂ ವಿಚಾರಿಸಬಾರದೆಂದು ಇಬ್ಬರಿಗೂ ಹೇಳಿಕೊಟ್ಟವನು ನಾನು.

ಪುಟ್ಟಮ್ಮ ಹಿತ್ತಲಿನ ಕಲ್ಲಿನ ಮೇಲೆ ಪಾತ್ರೆ ತೊಳೆಯುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತು ಸೆರಗಿಗೆ ಕೈ ಒರೆಸಿಕೊಂಡಳು. “ನೀವು ಮುಚ್ಚೋಗ್ಬುಟ್ರಿ ಅಂದ್ರು, ನಾನು ಸರ್ಕಾರನೇ ಮುಚ್ಚೋಯ್ತೇನೋ ಅಂದ್ಕಂಡೆ ಸಾ. ಆದ್ರೂವೆ ಬತ್ತಿದ್ದೆ. ಇವತ್ತಲ್ಲ ನಾಳೆ ಬಂದಾರು ಅಂತ” ಎಂದಳು. ನಡುವಿನ ಒಂದು ತಿಂಗಳು ಮೊಣಕೈಯಲ್ಲಿ ಸಿಡಿಯುವಂಥ ನೋವಿತ್ತಂತೆ. ರುಬ್ಬಿ ರುಬ್ಬಿ ಬಂದ ನೋವೆಂದು ಎಣ್ಣೆ ತಿಕ್ಕಿಕೊಂಡಳಂತೆ. ಆಮೇಲೆ ತಾನಾಗಿಯೇ ಹೋಯಿತಂತೆ. ನಾನು ಅವಳ ಬಲಗೈಯನ್ನು ತೆಗೆದುಕೊಂಡು ತಿರುಗಿಸಿದೆ. ಕಿರುಬೆರಳು ಒಳಕ್ಕೆ ಬಗ್ಗಿಕೊಂಡಿತ್ತು. ನೆಟ್ಟಗೆ ಮಾಡು ಎಂದೆ. ಅವಳು ಪ್ರಯತ್ನಪಟ್ಟಳು. ಬೆರಳು ಅವಳ ಮಾತು ಕೇಳಲಿಲ್ಲ.

ನನ್ನ ಮುಖದಲ್ಲಿ ಏನು ಕಂಡಿತೋ, ಅವಳೇ ನನ್ನನ್ನು ಸಮಾಧಾನ ಮಾಡತೊಡಗಿದಳು. “ಅಯ್ಯೋ ಬುಡಿ ಸಾ. ಅದು ಮೊದ್ಲಿಂದ್ಲೂ ಹಂಗೇ ಇತ್ತು. ನೀವು ನೋಡಿರ್ನಿಲ್ಲ ಅಷ್ಟೇಯ. ಕಿರುಬೆಳ್ಳು ತಗಂಡು ಏನ್ ಮಾಡ್ಬೇಕು, ಉಳ್ದವು ನಾಕು ಇಲ್ವಾ?” ಸುಶೀಲಮ್ಮ ಆ ಕಡೆ ತಿರುಗಿಕೊಂಡು ಕಣ್ಣೊರೆಸಿಕೊಂಡರು. ಸಾಹುಕಾರರ ಹೆಂಡತಿ ಕಿಟಕಿಯಿಂದ, “ಯಾರೇ ಪುಟ್ಟೀ ಅದು?” ಎಂದು ಕೂಗಿದರು. ಸುಶೀಲಮ್ಮ ಒಂದು ಕ್ಷಣವೂ ತಡೆಯದೆ, “ನಾನು ಕಣಮ್ಮಾ, ಆರೋಗ್ಯ ಕೇಂದ್ರದ ಸಿಸ್ಟರ್ರು. ರಕ್ತ ಕಮ್ಮಿ ಐತೆ ನಿಮ್ ಪುಟ್ಟಮ್ಮಂಗೆ, ಶಕ್ತಿ ಮಾತ್ರೆ ಕೊಡಕ್ಕೆ ಬಂದಿವ್ನಿ. ನಿಮ್ಗೂ ಬೇಕಾ?” ಎಂದರು. ಬೇಕು ಎಂದರು ಅವರು. ಸುಶೀಲಮ್ಮ ಅವರಿಗೆ ಕಬ್ಬಿಣಾಂಶದ್ದನ್ನು ಕೊಟ್ಟರು, ಪುಟ್ಟಮ್ಮನಿಗೆ ಒಂಬತ್ತನೆಯ ಪ್ಯಾಕೆಟ್ ಕೊಟ್ಟರು. ಆಮೇಲೆ ಪ್ರತಿ ತಿಂಗಳೂ ಹಾಗೆಯೇ, ಹಾಡಹಗಲು, ಅಡಿಗೆಮನೆಯ ಬಾಗಿಲಲ್ಲಿ. ಯಾರೂ ಏನೂ ಕೇಳಲಿಲ್ಲ. ಊರಿನ ಎಲ್ಲ ಮನೆಗೂ ಹೋಗುವವರು ಈ ಮನೆಗೂ ಬಂದರೆ ಯಾರಿಗೆ ಏನು ಅನುಮಾನ? ನಾನು ಮೂರು ಪುಟಗಳಲ್ಲಿ ಬರೆದಿದ್ದ ವಾದವನ್ನು ಅವರು ಒಂದು ಮಾತಿನಲ್ಲಿ ನಡೆಸಿ ತೋರಿಸಿದರು. ಮರದ ಅಗತ್ಯ ಎಂದೂ ಇರಲಿಲ್ಲ. ಘಟಕ ಮುಚ್ಚಿದ್ದು ಸರಿ, ಕಾರ್ಯ ವರ್ಗಾಯಿಸಿದ್ದು ಸರಿ, ವರ್ಗಾಯಿಸಿದವನೊಬ್ಬನೇ ಸರಿಯಿರಲಿಲ್ಲ.

ನಡುವೆ ನಾಲ್ಕು ತಿಂಗಳು ತಪ್ಪಿ ಮತ್ತೆ ಶುರು ಮಾಡಿದರೂ ಹನ್ನೆರಡೂ ಪ್ಯಾಕೆಟ್, ಹದಿನೆಂಟು ತಿಂಗಳಲ್ಲಿ ಮುಗಿಯಬೇಕೆಂಬ ನಿಯಮದೊಳಗೇ ಮುಗಿದವು. ಕಾಯಿಲೆ ಹೋಯಿತು. ಬೆರಳು ಹಾಗೆಯೇ ಉಳಿಯಿತು. ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿದೆ: ಮಾತ್ರೆ ತಪ್ಪಿದ್ದರಿಂದಲೇ ಹೀಗಾಯಿತೇ? ಅವರು ಒಳ್ಳೆಯ ಮನುಷ್ಯ. “ಹಾಗೆ ಹೇಳಕ್ಕಾಗಲ್ಲ. ಮಾತ್ರೆ ತಗೋತಿರೋರಿಗೂ ನರ ಬಾಯುತ್ತೆ. ಪ್ರತಿ ತಿಂಗಳು ಯಾರಾದ್ರೂ ಮೊಣಕೈ ಮುಟ್ಟಿ ನೋಡ್ತಿದ್ರೆ...” ಎಂದು ನಿಲ್ಲಿಸಿ, “ಮೊದಲೇ ಬಗ್ಗಿತ್ತೇನೋ ಬಿಡಿ” ಎಂದರು. ನಂಜೇಗೌಡರೂ ನಿವೃತ್ತಿಯ ಊಟದ ದಿನ ನನ್ನನ್ನು ಪಕ್ಕಕ್ಕೆ ಕರೆದು ಅದನ್ನೇ ಹೇಳಿದರು. ಸುಶೀಲಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, “ನಾನೇ ಬಸರೀನ ಅತ್ತಿ ಅಂತ ಬರ್ಕಂಡ್ನೋ ಏನೋ, ಯಾರಿಗ್ಗೊತ್ತು” ಎಂದರು. ಅವರು ಬರೆದುಕೊಂಡಿದ್ದ ಆ ಹಾಳೆ ಉಳಿದ ಪೋಲಿಯೋ ನಮೂನೆಗಳ ಜೊತೆ ಸೇರಿಕೊಂಡು ಎಂದೋ ಮೇಲಿನ ಕಚೇರಿಗೆ ಹೋಗಿತ್ತು. ಅದನ್ನು ಹುಡುಕಿಸಲು ನಾನು ಎರಡು ಅರ್ಜಿ ಬರೆದೆ. ಮಗುವಿನ ಹೆಸರು, ಮನೆ ಸಂಖ್ಯೆ ತಿಳಿಸಿ ಎಂದು ಉತ್ತರ ಬಂತು.

ಹೀಗೆ ಎಲ್ಲರೂ ಸೇರಿ ನನಗೊಂದು ಬಾಗಿಲು ತೆರೆದುಕೊಟ್ಟಿದ್ದರು. ಅತ್ತಿಯೋ ಬಸರಿಯೋ ಯಾರಿಗೂ ಗೊತ್ತಿಲ್ಲ; ಬೆರಳು ಮೊದಲೇ ಬಗ್ಗಿತ್ತು. ನಾನು ಕೆಲವು ವರ್ಷ ಆ ಬಾಗಿಲಲ್ಲಿ ನಿಂತೂ ಇದ್ದೆ. ನನ್ನ ನೆನಪು ಮಾತ್ರ ಒಳಗೂ ಬಿಡದೆ ಹೊರಗೂ ಬಿಡದೆ ಕಾಡುತ್ತಿತ್ತು. ಬಸರಿ ಮರದ ಕೆಳಗೆ, ನಮ್ಮ ಕೊನೆಯ ಮಂಗಳವಾರ, ಅವಳ ಕಿರುಬೆರಳಿಗೂ ಉಂಗುರಬೆರಳಿಗೂ ನಡುವೆ ನಾನೊಂದು ಕಾಗದದ ಚೂರು ಸಿಕ್ಕಿಸಿ ಎಳೆದಂತೆ ನೆನಪು. ಬೆರಳಿನ ಬಲ ನೋಡುವ ಪರೀಕ್ಷೆ ಅದು. “ಬುಡಲ್ಲ ಕಣ್ರೀ” ಎಂದು ಅವಳು ನಕ್ಕಂತೆ ನೆನಪು. ಆದರೆ ಆ ಪರೀಕ್ಷೆಯನ್ನು ನಾನು ನೂರಾರು ಜನರಿಗೆ ಮಾಡಿದ್ದೇನೆ. ನಕ್ಕವಳು ಬೇರೆ ಯಾರೋ ಇರಬಹುದು. ಮಜ್ಜಿಗೆ ಹುಳಿಯನ್ನು ಹುರುಳಿಕಾಯಿ ಸಾರು ಮಾಡುವ ತಲೆ ಇದು.

ಕಳೆದ ಬೇಸಿಗೆಯಲ್ಲಿ ಬೇರೊಂದು ಕೆಲಸಕ್ಕೆ ಆ ಆರೋಗ್ಯ ಕೇಂದ್ರಕ್ಕೆ ಹೋಗಬೇಕಾಯಿತು. ಉಗ್ರಾಣದ ಅಟ್ಟದ ಮೇಲೆ ನಾವು ಹಸ್ತಾಂತರಿಸಿದ ಕಾರ್ಡುಗಳ ಗಂಟು, ಗೌಡರು ಕಟ್ಟಿದ್ದ ಗಂಟಿನಲ್ಲೇ, ಹಾಗೇ ಇತ್ತು. ಬಿಚ್ಚಿದೆ. ಪ್ರತಿ ಕಾರ್ಡಿನಲ್ಲೂ ಎರಡು ಅಂಗೈಗಳ ರೇಖಾಚಿತ್ರ ಅಚ್ಚಾಗಿರುತ್ತದೆ. ಪರೀಕ್ಷೆ ಮಾಡಿದವನು ಅದರ ಪಕ್ಕ ಬರೆಯಬೇಕು. ನನ್ನ ನೆನಪು ಸುಳ್ಳಾಗಿರಲಿ ಎಂದು ನಾನು ಜೀವನದಲ್ಲಿ ಮೊದಲ ಬಾರಿಗೆ ಬೇಡಿಕೊಂಡೆ. ಕಾರ್ಡು ಸಿಕ್ಕಿತು. ಎಂಟನೆಯ ತಿಂಗಳಿನ ಸಾಲಿನಲ್ಲಿ, ನನ್ನ ಅಕ್ಷರದಲ್ಲಿ, ನನ್ನ ಸಹಿಯ ಮೇಲೆ ಬರೆದಿತ್ತು: ಬಲಗೈ ಕಿರುಬೆರಳು ನೇರ, ಕಾಗದ ಎಳೆದರೂ ಬಿಡುವುದಿಲ್ಲ.